ರಸ್ತೆಯ ಹಿಮ ನಗರದ ಹೊಣೆ, ಕಾಲುದಾರಿಯ ಹಿಮ ಮನೆಯವರ ಹೊಣೆ: ಕ್ಯಾಲ್ಗರಿಯ ಈ ಪದ್ಧತಿ ಸರಿಯೇ?

ಶರಾವತಿ:
ಕೆನಡಾದ ಕ್ಯಾಲ್ಗರಿಯಲ್ಲಿ ಮತ್ತು ಹಿಮ ಬೀಳುವ ಬೇರೆ ಊರುಗಳಲ್ಲಿ ನೆಲೆಸಿರುವ ಎಲ್ಲರ ಅಭಿಪ್ರಾಯ ತಿಳಿಯಬೇಕೆಂದು ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. ಇಲ್ಲಿ ಹಿಮಪಾತ ನಿಂತ ಕೂಡಲೇ ನಗರಾಡಳಿತದ ಏಳು ದಿನಗಳ ಯೋಜನೆ ಆರಂಭವಾಗುತ್ತದೆ. ಕ್ರೋಚೈಲ್ಡ್ ಟ್ರೇಲ್, ಮೆಕ್ಲೌಡ್ ಟ್ರೇಲ್‌ಗಳಂತೆ ದಿನಕ್ಕೆ 20,000ಕ್ಕೂ ಹೆಚ್ಚು ವಾಹನಗಳು ಓಡುವ ರಸ್ತೆಗಳನ್ನು ಮೊದಲ 24 ಗಂಟೆಗಳಲ್ಲಿ, 5,000ಕ್ಕೂ ಹೆಚ್ಚು ವಾಹನಗಳು ಓಡುವ ರಸ್ತೆಗಳನ್ನು 48 ಗಂಟೆಗಳಲ್ಲಿ ನೋಡಿಕೊಂಡು, ಬಡಾವಣೆಗಳ ಒಳರಸ್ತೆಗಳಿಗೆ ಆ ಬಳಿಕ ಬರುತ್ತಾರೆ. ಮನೆಗಳ ಮುಂದಿನ ಕಾಲುದಾರಿಯನ್ನು ಮಾತ್ರ ಆಯಾ ಮನೆಯವರೇ 24 ಗಂಟೆಗಳೊಳಗೆ ಕಾಂಕ್ರೀಟು ಕಾಣುವಂತೆ ಬಳಿದು ತೆಗೆಯಬೇಕು.

ಚಳಿಗಾಲ ಕಳೆಯಲು ಸಾಗರದಿಂದ ನಮ್ಮ ತಾಯಿ ಬಂದಿದ್ದಾರೆ. ಚಳಿಯನ್ನು ಅವರು ತಡೆದುಕೊಳ್ಳುತ್ತಾರೆ; ದಪ್ಪ ಕೋಟು, ಉಣ್ಣೆಯ ಟೋಪಿ ಎಲ್ಲವೂ ಇವೆ. ಆದರೆ ಬಸ್ ನಿಲ್ದಾಣದವರೆಗೆ ನಡೆಯಲು ಆಗುತ್ತಿಲ್ಲ. ಒಂದು ಮನೆಯ ಮುಂದೆ ನೆಲ ಒಣಗಿರುತ್ತದೆ, ಮುಂದಿನ ಮನೆಯ ಎದುರು ಹಿಮ ತುಳಿದು ತುಳಿದು ಗಾಜಿನಂತಾಗಿರುತ್ತದೆ, ಅದರಾಚೆಯ ಖಾಲಿ ನಿವೇಶನದ ಬಳಿ ಮೊಣಕಾಲಿನವರೆಗೆ ಹಿಮವಿರುತ್ತದೆ. ಹತ್ತು ಮನೆಯವರು ಶ್ರದ್ಧೆಯಿಂದ ತೆಗೆದಿದ್ದರೂ ಹನ್ನೊಂದನೆಯವರು ತೆಗೆಯದಿದ್ದರೆ ಎಪ್ಪತ್ತು ದಾಟಿದವರಿಗೆ ಆ ದಾರಿ ಮುಚ್ಚಿದಂತೆಯೇ. ಕಾರು ಓಡಿಸುವವರಿಗೆ ಸಿಗುವ ಭರವಸೆ ನಡೆಯುವವರಿಗೆ ಏಕೆ ಸಿಗುತ್ತಿಲ್ಲ?

ಸಲಿಕೆ ಹಿಡಿದವ:
ನಿಮ್ಮ ತಾಯಿಯವರ ಕಷ್ಟ ಅರ್ಥವಾಗುತ್ತದೆ. ಆದರೆ ಪದ್ಧತಿಯೇ ತಪ್ಪೆಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಮುಂದಿನ ಹಿಮವನ್ನು ಬೆಳಗಿನ ಕಾಫಿಗೆ ಮೊದಲೇ ತೆಗೆದುಬಿಡಬಹುದು. ಆ ಕೆಲಸಕ್ಕೆ ನಗರದ ಯಂತ್ರವನ್ನು ಕರೆಸಿದರೆ ಅದರ ಖರ್ಚು ಆಸ್ತಿ ತೆರಿಗೆಯ ಮೂಲಕ ನಮ್ಮ ಮೇಲೆಯೇ ಬರುತ್ತದೆ. ನಿಯಮಕ್ಕೆ ಹಲ್ಲಿಲ್ಲವೆಂದೂ ಹೇಳಲಾಗದು. ಮೊದಲ ಸಲ ತಪ್ಪಿದರೆ 250 ಡಾಲರ್, ಮತ್ತೆ ತಪ್ಪಿದರೆ 500, ಆಮೇಲೆ 750 ಡಾಲರ್ ದಂಡವಿದೆ. ತೆಗೆಯದವರ ಮೇಲೆ ನಗರದ ಸಹಾಯವಾಣಿ 311ಕ್ಕೆ ದೂರು ಕೊಡಿ.

ಬಸ್ಸಿನ ಪ್ರಯಾಣಿಕ:
ದೂರು ಕೊಟ್ಟು, ಪರಿಶೀಲಕರು ಬಂದು ನೋಡಿ, ಎಚ್ಚರಿಕೆ ಕೊಟ್ಟು, ಮತ್ತೆ ಬಂದು ನೋಡುವಷ್ಟರಲ್ಲಿ ಬಿದ್ದ ಹಿಮ ಮಂಜುಗಡ್ಡೆಯಾಗಿರುತ್ತದೆ. ದಂಡದಿಂದ ನಗರದ ಬೊಕ್ಕಸಕ್ಕೆ ಹಣ ಬರಬಹುದು, ಅಂದಿನ ಬೆಳಿಗ್ಗೆ ನಡೆಯಬೇಕಾದವರಿಗೆ ದಾರಿ ಸಿಗುವುದಿಲ್ಲ.

ಕಾಂಕ್ರೀಟು ಇಂಜಿನಿಯರ್:
ನಾನು ರಸ್ತೆ ವಿನ್ಯಾಸದ ಕ್ಷೇತ್ರದವನು. ಇಲ್ಲಿ ಎರಡು ಬೇರೆ ಸಮಸ್ಯೆಗಳು ಬೆರೆತುಹೋಗಿವೆ, ಅವನ್ನು ಬಿಡಿಸಿ ನೋಡೋಣ. ಬಿದ್ದ ಹಿಮವನ್ನು ತೆಗೆಯುವುದು ಒಂದು, ಕರಗಿ ಮತ್ತೆ ಹೆಪ್ಪುಗಟ್ಟುವ ನೀರನ್ನು ನಿಭಾಯಿಸುವುದು ಇನ್ನೊಂದು. ಕ್ಯಾಲ್ಗರಿಯಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ.

ರಾಕಿ ಪರ್ವತಗಳನ್ನು ಇಳಿದು ಬರುವ ಚಿನೂಕ್ ಗಾಳಿ ಒಣ ಬಿಸಿಗಾಳಿ. ಅದು ಬೀಸಿದ ದಿನ ಕೆಲವೇ ಗಂಟೆಗಳಲ್ಲಿ ತಾಪಮಾನ 20 ಡಿಗ್ರಿಯಷ್ಟು ಏರಬಲ್ಲದು. ಮಧ್ಯಾಹ್ನ ರಸ್ತೆ ಬದಿಯ ಹಿಮದ ದಿಬ್ಬಗಳು ಕರಗಿ ನೀರು ಹರಿಯುತ್ತದೆ, ಮೋರಿಯ ಬಾಯಿ ಹಿಮದಿಂದ ಮುಚ್ಚಿದ್ದರೆ ಆ ನೀರು ಕಾಲುದಾರಿಯ ತಗ್ಗಿನಲ್ಲಿ ನಿಲ್ಲುತ್ತದೆ, ರಾತ್ರಿ ಅದೇ ಮಂಜುಗಡ್ಡೆಯಾಗುತ್ತದೆ. ಬೆಳಿಗ್ಗೆ ಅದರ ಮೇಲೆ ತೆಳುವಾಗಿ ಹೊಸ ಹಿಮ ಬಿದ್ದರೆ ಕೆಳಗಿರುವುದು ಕಣ್ಣಿಗೂ ಕಾಣುವುದಿಲ್ಲ. ಚಾವಣಿಯ ನೀರಿನ ಕೊಳವೆಯನ್ನು ಕಾಲುದಾರಿಯ ಕಡೆಗೆ ತಿರುಗಿಸಿಟ್ಟಿರುವ ಮನೆಗಳ ಮುಂದೆ ಪ್ರತಿ ಚಿನೂಕ್ ಮರುದಿನವೂ ಇದೇ ಆಗುತ್ತದೆ. ಸಲಿಕೆಯಿಂದ ಇದಕ್ಕೆ ಪರಿಹಾರವಿಲ್ಲ, ಕೊಳವೆಯನ್ನೇ ತಿರುಗಿಸಬೇಕು.

ಬಿಸಿಲಿನ ಲೆಕ್ಕವನ್ನೂ ಸೇರಿಸಿಕೊಳ್ಳಿ. ಈ ಊರು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲಿರುತ್ತಾನೆ. ಪೂರ್ವ ಪಶ್ಚಿಮವಾಗಿ ಸಾಗುವ ಬೀದಿಯ ದಕ್ಷಿಣ ಬದಿಯ ಕಾಲುದಾರಿಗೆ ಮನೆಗಳ ನೆರಳು ಇಡೀ ಚಳಿಗಾಲ ಬಿದ್ದಿರುತ್ತದೆ. ಅದೇ ಬೀದಿಯ ಉತ್ತರ ಬದಿ ಬಿಸಿಲಿಗೆ ತಾನಾಗಿಯೇ ಒಣಗುತ್ತದೆ. ನೆರಳಿನ ಕಡೆಯವರಿಗೂ ಬಿಸಿಲಿನ ಕಡೆಯವರಿಗೂ ಒಂದೇ 24 ಗಂಟೆಯ ನಿಯಮವನ್ನು ಅನ್ವಯಿಸಿ ಒಂದೇ ಫಲವನ್ನು ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ.

ಶರಾವತಿ:
ನೆರಳಿನ ವಿಷಯ ನಿಜ. ನಮ್ಮ ತಾಯಿ ಈಗ ಬೀದಿ ದಾಟಿ ಎದುರು ಬದಿಯಲ್ಲೇ ನಡೆಯುತ್ತಾರೆ. ಆದರೆ ದಾಟುವ ಮೂಲೆಯಲ್ಲಿ ಹಿಮದ ಗೋಡೆ ಎದುರಾಗುತ್ತದೆ.

ಕಾಂಕ್ರೀಟು ಇಂಜಿನಿಯರ್:
ಪ್ಲೋ ಗಾಡಿಯ ಅಲಗು ಹಿಮವನ್ನು ಬದಿಗೆ ತಳ್ಳುತ್ತದೆಯೇ ಹೊರತು ಎತ್ತಿಕೊಂಡು ಹೋಗುವುದಿಲ್ಲ. ಆ ದಿಬ್ಬ ರಸ್ತೆಯ ಅಂಚಿನಲ್ಲಿ, ಅಂದರೆ ಪಾದಚಾರಿ ಇಳಿಯುವ ಜಾಗದಲ್ಲೇ ಕೂರುತ್ತದೆ. ಪ್ಲೋ ಇರುವ ಊರುಗಳಲ್ಲೆಲ್ಲ ಇದು ಹೀಗೆಯೇ. ಮೂಲೆಗಳನ್ನು ಬಿಡಿಸಲು ಇನ್ನೊಂದು ಚಿಕ್ಕ ಯಂತ್ರ ಹಿಂದಿನಿಂದ ಬರಲೇಬೇಕು, ಅದಕ್ಕೆ ಪ್ರತ್ಯೇಕ ಜನ ಮತ್ತು ಪ್ರತ್ಯೇಕ ಹಣ ಬೇಕು.

ಹೊಸ ವಿದ್ಯಾರ್ಥಿ:
ನಾನು ನೆಲಮಾಳಿಗೆಯ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇನೆ. ಮೇಲೆ ಇನ್ನೊಂದು ಕುಟುಂಬವಿದೆ. ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಹಿಮವನ್ನು ತೆಗೆಯಬೇಕಾದವರು ಯಾರು?

ಬಸ್ಸಿನ ಪ್ರಯಾಣಿಕ:
ನಗರದ ನಿಯಮ ಮಾಲೀಕರು ಅಥವಾ ವಾಸವಿರುವವರು ಎನ್ನುತ್ತದೆ. ನಿಮ್ಮಿಬ್ಬರಲ್ಲಿ ಯಾರು ಎಂಬುದನ್ನು ಬಾಡಿಗೆ ಕರಾರಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತಿಗೆ ಬಿಡಬೇಡಿ. ಮೂಲೆ ಮನೆಯಾದರೆ ಎರಡೂ ಬದಿಯ ಕಾಲುದಾರಿ ನಿಮ್ಮ ಪಾಲಿಗೆ ಬರುತ್ತದೆ.

ಸಲಿಕೆ ಹಿಡಿದವ:
ತಮ್ಮಾ, ಬೀಳುತ್ತಿರುವಾಗಲೇ ಎರಡು ಸಲ ತೆಗೆದರೆ ಕೆಲಸ ಹಗುರ. ಹೊಸ ಹಿಮ ಹತ್ತಿಯಷ್ಟು ಹಗುರವಾಗಿರುತ್ತದೆ, ಯಾರಾದರೂ ತುಳಿದ ಮೇಲೆ ಕೆರೆಯಬೇಕಾಗುತ್ತದೆ. ಬೆನ್ನು ಬಗ್ಗಿಸಿ ಎತ್ತಬೇಡ, ಸಲಿಕೆಯನ್ನು ತಳ್ಳು.

ಮಾಂಟ್ರಿಯಲ್ ವಾಸಿ:
ನಿಮ್ಮ ಚರ್ಚೆಯನ್ನು ಓದುವಾಗ ನಮ್ಮ ಊರಿನ ವ್ಯವಸ್ಥೆಯನ್ನು ಹೇಳಬೇಕೆನಿಸಿತು. ಮಾಂಟ್ರಿಯಲ್‌ನಲ್ಲಿ ಚಳಿಗಾಲಕ್ಕೆ 2 ಮೀಟರಿಗೂ ಹೆಚ್ಚು ಹಿಮ ಬೀಳುತ್ತದೆ. ಇಲ್ಲಿ ಕಾಲುದಾರಿಯನ್ನು ನಗರವೇ ತೆಗೆಸುತ್ತದೆ. ಕಾಲುದಾರಿಯ ಅಗಲಕ್ಕೆ ಸರಿಹೊಂದುವ ಚಿಕ್ಕ ಪ್ಲೋಗಳು ರಾತ್ರಿಯೆಲ್ಲ ಓಡುತ್ತವೆ. ರಸ್ತೆ, ಕಾಲುದಾರಿಗಳನ್ನು ಸೇರಿಸಿದರೆ ಸುಮಾರು 10,000 ಕಿಲೋಮೀಟರ್ ದಾರಿ ಆಗುತ್ತದೆ.

ಹಿಮ ಹೆಚ್ಚು ಬಿದ್ದಾಗ ಬದಿಗೆ ತಳ್ಳಿ ಸುಮ್ಮನಾಗುವುದಿಲ್ಲ, ಲಾರಿಗೆ ತುಂಬಿಸಿ ಊರಿನಿಂದ ಸಾಗಿಸುತ್ತಾರೆ. ಬೀದಿಯಲ್ಲಿ ಕಿತ್ತಳೆ ಬಣ್ಣದ ಫಲಕ ಹಾಕುತ್ತಾರೆ, ನಿಗದಿತ ಹೊತ್ತಿಗೆ ಕಾರು ತೆಗೆಯದಿದ್ದರೆ ಸೈರನ್ ಮೊಳಗಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಕಾರನ್ನೇ ಎಳೆದೊಯ್ಯುತ್ತಾರೆ. ಆಮೇಲೆ ದೈತ್ಯ ಯಂತ್ರವೊಂದು ದಿಬ್ಬವನ್ನು ನುಂಗುತ್ತಾ ಪಕ್ಕದಲ್ಲಿ ಸಾಗುವ ಲಾರಿಗೆ ಉಗುಳುತ್ತದೆ. ಆ ಹಿಮದಲ್ಲಿ ಸ್ವಲ್ಪ ಭಾಗ ಒಳಚರಂಡಿಗೆ ಇಳಿಸುವ ಬಾವಿಗಳಿಗೆ ಹೋಗುತ್ತದೆ, ಬಹುಪಾಲು ಫ್ರಾಂಕೋನ್ ಎಂಬ ಹಳೆಯ ಕಲ್ಲುಗಣಿಯಂತಹ ಜಾಗಗಳಲ್ಲಿ ಬೆಟ್ಟವಾಗಿ ನಿಂತು ಬೇಸಿಗೆಯಲ್ಲಿ ಕರಗುತ್ತದೆ.

ಸಲಿಕೆ ಹಿಡಿದವ:
ವ್ಯವಸ್ಥೆ ಅದ್ಭುತವೇ. ಆದರೆ ನಿಮ್ಮಲ್ಲಿ ಹಿಮ ಕರಗದೆ ವಸಂತದವರೆಗೆ ಪೇರುತ್ತಲೇ ಹೋಗುತ್ತದೆ, ಸಾಗಿಸದೆ ಬೇರೆ ದಾರಿಯಿಲ್ಲ. ನಮ್ಮಲ್ಲಿ ಚಿನೂಕ್ ಬಂದು ಉಚಿತವಾಗಿ ಅರ್ಧ ಕೆಲಸ ಮಾಡಿಕೊಡುತ್ತದೆ. ಎರಡು ದಿನ ಕಾದರೆ ಕರಗುವ ವಸ್ತುವಿಗೆ ಲಾರಿ ಬಾಡಿಗೆ ಕೊಡುವುದು ಜಾಣತನವಲ್ಲ.

ಕಾಂಕ್ರೀಟು ಇಂಜಿನಿಯರ್:
ಚಿನೂಕ್ ಮಾಡಿಕೊಡುವ ಕೆಲಸ ರಸ್ತೆಗೆ ಸಲ್ಲುತ್ತದೆ, ಕಾಲುದಾರಿಗೆ ಅದೇ ಗಾಳಿ ಮಂಜುಗಡ್ಡೆಯನ್ನು ತರುತ್ತದೆ ಎಂದು ಮೇಲೆಯೇ ವಿವರಿಸಿದ್ದೇನೆ.

ಟೊರಾಂಟೊದಿಂದ:
ನಮ್ಮಲ್ಲೂ ಇದೇ ವಾದ ವರ್ಷಗಟ್ಟಲೆ ನಡೆಯಿತು. ಹಳೆಯ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ಯಂತ್ರ ನುಗ್ಗುವುದಿಲ್ಲವೆಂದು ಕಾಲುದಾರಿಯನ್ನು ಮನೆಯವರಿಗೆ ಬಿಟ್ಟಿದ್ದರು, ಹೊರವಲಯದ ಅಗಲ ಬೀದಿಗಳಲ್ಲಿ ಮಾತ್ರ ನಗರ ತೆಗೆಯುತ್ತಿತ್ತು. ಅಂದರೆ ಜನ ಅತಿ ಹೆಚ್ಚು ನಡೆಯುವ ಭಾಗಕ್ಕೇ ಸೇವೆ ಇರಲಿಲ್ಲ. ಕಡೆಗೆ ಇಕ್ಕಟ್ಟಿನಲ್ಲೂ ಓಡಬಲ್ಲ ಚಿಕ್ಕ ಯಂತ್ರಗಳನ್ನು ಕೊಂಡು, 2021-22ರ ಚಳಿಗಾಲದಿಂದ ಆ ಬೀದಿಗಳನ್ನೂ ನಗರ ಕೈಗೆತ್ತಿಕೊಂಡಿತು. ಸಾಧ್ಯವಿಲ್ಲವೆಂದು ದಶಕಗಳ ಕಾಲ ಹೇಳಿದ್ದು ಯಂತ್ರದ ಅಗಲ ಬದಲಾದೊಡನೆ ಸಾಧ್ಯವಾಯಿತು. ಎಲ್ಲ ದಿನವೂ ಸೊಗಸಾಗಿ ನಡೆಯುತ್ತದೆ ಎಂದು ನಾನು ಹೇಳಲಾರೆ, ದೊಡ್ಡ ಹಿಮಪಾತ ಬಂದಾಗ ಇಲ್ಲಿಯೂ ದಾರಿಗಳು ಕಟ್ಟಿಕೊಳ್ಳುತ್ತವೆ. ಆದರೆ ಪ್ರಶ್ನೆ ಯಾರನ್ನು ಕೇಳಬೇಕು ಎಂಬುದು ಈಗ ಸ್ಪಷ್ಟವಾಗಿದೆ.

ಹಳೆಯ ಪತ್ರಿಕೆ ಓದುಗ:
ಟೊರಾಂಟೊ ಎಂದ ಕೂಡಲೇ 1999ರ ಜನವರಿ ನೆನಪಾಗುತ್ತದೆ. ಆಗಿನ ಮೇಯರ್ ಮೆಲ್ ಲಾಸ್ಟ್‌ಮನ್ ಹಿಮ ತೆಗೆಯಲು ಸೈನ್ಯವನ್ನೇ ಕರೆಸಿದ್ದರು, ದೇಶವೆಲ್ಲ ಆ ಬಗ್ಗೆ ಮಾತಾಡಿತು. ಶಿಕಾಗೋದಲ್ಲಿ 1979ರ ಹಿಮಪಾತವನ್ನು ನಿಭಾಯಿಸಲಾಗದ ಮೇಯರ್ ಮೈಕಲ್ ಬಿಲ್ಯಾಂಡಿಕ್ ಕೆಲವೇ ವಾರಗಳಲ್ಲಿ ತಮ್ಮ ಪಕ್ಷದ ಒಳಚುನಾವಣೆಯಲ್ಲೇ ಜೇನ್ ಬರ್ನ್ ಅವರೆದುರು ಸೋತರು. ಮೇಯರುಗಳು ರಸ್ತೆಯ ಹಿಮಕ್ಕೆ ಹೆದರುತ್ತಾರೆ, ಏಕೆಂದರೆ ಕಾರಿನಲ್ಲಿ ಸಿಕ್ಕಿಕೊಂಡವರು ಮತದ ದಿನ ಅದನ್ನು ಮರೆಯುವುದಿಲ್ಲ. ಕಾಲುದಾರಿಯಲ್ಲಿ ಜಾರಿ ಬಿದ್ದವರು ಒಬ್ಬೊಬ್ಬರಾಗಿ ಬೀಳುತ್ತಾರೆ, ಒಬ್ಬೊಬ್ಬರಾಗಿ ಆಸ್ಪತ್ರೆಗೆ ಹೋಗುತ್ತಾರೆ, ಆದ್ದರಿಂದ ಅದು ಸುದ್ದಿಯಾಗುವುದಿಲ್ಲ.

ಗಾಲಿಕುರ್ಚಿಯ ಜೊತೆಗಾತಿ:
ಈ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನನ್ನ ಪತಿ ಗಾಲಿಕುರ್ಚಿ ಬಳಸುತ್ತಾರೆ. ಇಲ್ಲಿ ಹಲವರು ಕಾಲುದಾರಿಯ ಬಗ್ಗೆ ಮಾತಾಡುವಾಗ ಕಷ್ಟವಾದರೂ ಹೇಗೋ ದಾಟಿಬಿಡಬಹುದು ಎಂಬ ನಂಬಿಕೆಯಿಂದ ಮಾತಾಡುತ್ತಿದ್ದೀರಿ. ಗಾಲಿಗೆ ಹೇಗೋ ದಾಟುವುದು ಎಂಬುದಿಲ್ಲ. ಮೂಲೆಯ ಇಳಿಜಾರಿನಲ್ಲಿ ಒಂದು ಗೇಣು ಎತ್ತರದ ಹಿಮವಿದ್ದರೆ ಅಲ್ಲಿಂದ ಹಿಂದಿರುಗಬೇಕು, ಇಲ್ಲವೇ ಕಾರುಗಳ ನಡುವೆ ರಸ್ತೆಯಲ್ಲೇ ಸಾಗಬೇಕು. ಅವರು ರಸ್ತೆಯಲ್ಲಿ ಸಾಗುವುದನ್ನೇ ಆರಿಸಿಕೊಂಡಿದ್ದಾರೆ, ಏಕೆಂದರೆ ಅದನ್ನಾದರೂ ಬಳಿದಿರುತ್ತಾರೆ. ಇದನ್ನು ಬೆಳಗಿನ ಕಾಫಿಗೆ ಮೊದಲು ಮುಗಿಯುವ ಸಲಿಕೆ ಕೆಲಸದ ಪ್ರಶ್ನೆ ಎಂದು ಕರೆಯಬೇಡಿ.

ಸಲಿಕೆ ಹಿಡಿದವ:
ಅಕ್ಕ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಮೂಲೆಗಳನ್ನು ನಗರ ಬಿಡಿಸಬೇಕೆಂದರೆ ನಾನೂ ಸಹಿ ಹಾಕುತ್ತೇನೆ. ಮನೆ ಮುಂದಿನದು ಮನೆಯವರಿಗೇ ಇರಲಿ ಎಂಬುದಷ್ಟೇ ನನ್ನ ವಾದ.

ಸ್ವೀಡನ್‌ನ ಕನ್ನಡತಿ:
ಕಾರ್ಲ್‌ಸ್ಕೂಗ ಎಂಬ ಚಿಕ್ಕ ಪಟ್ಟಣದ ಉದಾಹರಣೆ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಅಲ್ಲಿಯ ಆಡಳಿತ ತನ್ನೆಲ್ಲ ಸೇವೆಗಳನ್ನು ಹೆಣ್ಣು ಗಂಡುಗಳಿಗೆ ಸಮಾನವಾಗಿ ಸಲ್ಲುತ್ತಿವೆಯೇ ಎಂದು ಪರಿಶೀಲಿಸಿದಾಗ ಹಿಮ ತೆಗೆಯುವ ಕ್ರಮವೂ ಪರೀಕ್ಷೆಗೆ ಬಂತು. ಮುಖ್ಯರಸ್ತೆಗಳನ್ನು ಮೊದಲು ತೆಗೆದರೆ ಕಾರಿನಲ್ಲಿ ಕೆಲಸಕ್ಕೆ ಹೋಗುವವರಿಗೆ, ಅಂದರೆ ಹೆಚ್ಚಾಗಿ ಗಂಡಸರಿಗೆ, ಮೊದಲು ಅನುಕೂಲವಾಗುತ್ತಿತ್ತು. ನಡೆದು, ಸೈಕಲ್ಲಿನಲ್ಲಿ, ಬಸ್ಸಿನಲ್ಲಿ ಹೋಗುವವರಲ್ಲಿ ಹೆಂಗಸರು ಹೆಚ್ಚು. ಆದ್ದರಿಂದ ಶಿಶುವಿಹಾರಗಳ ದಾರಿ, ಕಾಲುದಾರಿ, ಸೈಕಲ್ ದಾರಿಗಳನ್ನು ಮೊದಲು ತೆಗೆಯುವಂತೆ ಕ್ರಮವನ್ನು ತಿರುಗಿಸಿದರು. ಕೆಲವು ಸೆಂಟಿಮೀಟರ್ ಹಿಮದಲ್ಲಿ ಕಾರು ಓಡಿಸುವುದಕ್ಕಿಂತ ಮಗುವಿನ ಗಾಡಿ ತಳ್ಳುವುದು ಕಷ್ಟ ಎಂಬುದು ಅವರ ಸರಳ ತರ್ಕ.

ಹಳೆಯ ಪತ್ರಿಕೆ ಓದುಗ:
ಸ್ಟಾಕ್‌ಹೋಮ್ ಅದನ್ನೇ ಅನುಸರಿಸಲು ಹೋಗಿ 2016ರ ನವೆಂಬರಿನ ಭಾರಿ ಹಿಮದಲ್ಲಿ ನಗೆಪಾಟಲಾಯಿತಲ್ಲವೇ?

ಸ್ವೀಡನ್‌ನ ಕನ್ನಡತಿ:
ಹಾಗೆಂದು ಬಹಳ ಜನ ಬರೆದರು. ಆ ತಿಂಗಳ ಮಟ್ಟಿಗೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಕಾಣದಷ್ಟು ಹಿಮ ಒಂದೇ ಸಮ ಬಿದ್ದಿತ್ತು, ಬಸ್ಸುಗಳು ನಿಂತವು, ಕಾಲುದಾರಿಗಳೂ ಸರಿಯಾಗಿ ತೆರೆಯಲಿಲ್ಲ. ಯಾವ ಕ್ರಮದಲ್ಲಿ ತೆಗೆದಿದ್ದರೂ ಸಾಲದಷ್ಟು ಹಿಮ ಬಿದ್ದ ದಿನವನ್ನು ಹಿಡಿದು ಆ ಕ್ರಮವನ್ನೇ ದೂಷಿಸುವುದು ನ್ಯಾಯವಲ್ಲ. ಸಾಮಾನ್ಯ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು.

ಹೊಸ ವಿದ್ಯಾರ್ಥಿ:
ಎಲ್ಲ ಕಡೆ ಉಪ್ಪು ಹಾಕಿಬಿಟ್ಟರೆ ಈ ಸಮಸ್ಯೆಯೇ ಇರುವುದಿಲ್ಲವಲ್ಲ? ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುತ್ತದೆ.

ಕಾಂಕ್ರೀಟು ಇಂಜಿನಿಯರ್:
ಸಿಗುತ್ತದೆ, ಆದರೆ ಅದರ ಮಿತಿಯನ್ನು ತಿಳಿದು ಬಳಸಬೇಕು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ ಎಂಬುದರ ಮೇಲೆ ಇಡೀ ಉಪಾಯ ನಿಂತಿದೆ. ಪ್ರಯೋಗಶಾಲೆಯಲ್ಲಿ ಅದು ಮೈನಸ್ 21ರವರೆಗೂ ಸಾಧ್ಯ. ಬೀದಿಯಲ್ಲಿ ಮೈನಸ್ 10ರ ಆಸುಪಾಸು ಇಳಿದ ಮೇಲೆ ಅಡುಗೆ ಉಪ್ಪಿನ ಜಾತಿಯ ಉಪ್ಪು ಎಷ್ಟು ನಿಧಾನವಾಗುತ್ತದೆಂದರೆ ಹಾಕಿದ್ದು ವ್ಯರ್ಥವೆನಿಸುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಹೆಚ್ಚು ಚಳಿಯಲ್ಲಿ ಕೆಲಸ ಮಾಡುತ್ತದೆ, ಬೆಲೆಯೂ ಹೆಚ್ಚು, ಲೋಹಕ್ಕೆ ತುಕ್ಕು ಹಿಡಿಸುವ ಗುಣವೂ ಇದೆ. ಎಡ್ಮಂಟನ್ ನಗರ ಅದರ ದ್ರಾವಣವನ್ನು ರಸ್ತೆಗೆ ಸಿಂಪಡಿಸಿ ನೋಡಿ, ಕಾರು ಮತ್ತು ಕಾಂಕ್ರೀಟಿನ ಬಗ್ಗೆ ದೊಡ್ಡ ವಾಗ್ವಾದವೆದ್ದ ಮೇಲೆ 2019ರಲ್ಲಿ ನಿಲ್ಲಿಸಿತು.

ಕಡುಚಳಿಯಲ್ಲಿ ಸಣ್ಣ ಜಲ್ಲಿಯೇ ಉತ್ತಮ. ಅದು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ವಸಂತ ಬಂದಾಗ ನಗರದವರು ಗುಡಿಸುವ ಯಂತ್ರ ತಂದು ಬೀದಿ ಬೀದಿಯಲ್ಲಿ ಅದನ್ನು ಬಾಚಿಕೊಂಡು ಹೋಗುತ್ತಾರೆ. ಉಪ್ಪನ್ನು ಹೀಗೆ ಬಾಚಲಾಗದು. ಒಮ್ಮೆ ನೀರಿಗೆ ಸೇರಿದ ಕ್ಲೋರೈಡ್ ಕೊಳೆತು ಮಾಯವಾಗುವ ವಸ್ತುವಲ್ಲ, ಮೋರಿಯಿಂದ ಹೊಳೆಗೆ ಹೋಗಿ ಅಲ್ಲಿಯ ಜೀವಿಗಳನ್ನು ಮುಟ್ಟುತ್ತದೆ. ಜಲಚರಗಳ ದೀರ್ಘಕಾಲದ ರಕ್ಷಣೆಗೆ ಲೀಟರಿಗೆ 120 ಮಿಲಿಗ್ರಾಂ ಕ್ಲೋರೈಡ್ ಮೀರಬಾರದೆಂದು ಕೆನಡಾದ ಮಾರ್ಗಸೂಚಿ ಹೇಳುತ್ತದೆ. ಬೋ ಮತ್ತು ಎಲ್ಬೋ ಎರಡೂ ನಾವು ಕುಡಿಯುವ ನೀರಿನ ನದಿಗಳು. ಆದ್ದರಿಂದ ಮೊದಲು ಸಲಿಕೆ, ಆಮೇಲೆ ಜಲ್ಲಿ, ಕೊನೆಗೆ ಬೇಕಾದಲ್ಲಿ ಒಂದು ಹಿಡಿ ಉಪ್ಪು. ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಮೊದಲ ಚಳಿಗಾಲದಲ್ಲಿ ಉಪ್ಪು ತಾಗಿಸಲೇಬೇಡಿ, ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಮಾಂಟ್ರಿಯಲ್ ವಾಸಿ:
ನಾಯಿ ಸಾಕಿದವರೂ ನೆನಪಿಡಬೇಕು, ಉಪ್ಪು ಅದರ ಪಾದವನ್ನು ಸುಡುತ್ತದೆ.

ನೆರೆಯ ಹಿತೈಷಿ:
ಕ್ಯಾಲ್ಗರಿಯಲ್ಲಿ ಉಪ್ಪು ಬೆರೆತ ಮರಳನ್ನು ನಗರವೇ ಕೆಲವು ನಿಗದಿತ ಜಾಗಗಳಲ್ಲಿ ಉಚಿತವಾಗಿ ಇಟ್ಟಿರುತ್ತದೆ, ಬಕೆಟ್ ತೆಗೆದುಕೊಂಡು ಹೋದರೆ ಸಾಕು. ಕೈಲಾಗದ ನೆರೆಯವರ ಹಿಮವನ್ನು ತೆಗೆದುಕೊಡುವವರನ್ನು ಹಿಮದ ದೇವತೆಗಳೆಂದು ಕರೆದು ನಗರ ಪ್ರೋತ್ಸಾಹಿಸುತ್ತದೆ. ನಮ್ಮ ಬೀದಿಯಲ್ಲಿ ನಾವು ಕೆಲವರು ಸೇರಿ ಇಬ್ಬರು ಹಿರಿಯರ ಮನೆಗಳನ್ನು ಹಂಚಿಕೊಂಡಿದ್ದೇವೆ. ಯಾರೂ ಯಾರಿಗೂ ದೂರು ಕೊಡಬೇಕಾಗಿಲ್ಲ.

ಗಾಲಿಕುರ್ಚಿಯ ಜೊತೆಗಾತಿ:
ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ, ನಿಮಗೆ ನಮಸ್ಕಾರ. ಆದರೆ ನನ್ನ ಪತಿ ವೈದ್ಯರ ಬಳಿಗೆ ಹೋಗಬಲ್ಲರೇ ಇಲ್ಲವೇ ಎಂಬುದು ಯಾರದೋ ಔದಾರ್ಯವನ್ನು ಅವಲಂಬಿಸಿರಬಾರದು. ಔದಾರ್ಯವಿರುವ ಬೀದಿಯಲ್ಲಿ ಮನೆ ಸಿಗದವರು ಏನು ಮಾಡಬೇಕು?

ಬಸ್ಸಿನ ಪ್ರಯಾಣಿಕ:
ಕಾನೂನಿನ ಕಡೆಯೂ ಒಂದು ಮಾತು. ರಸ್ತೆ ಅಥವಾ ಕಾಲುದಾರಿಯ ಹಿಮ, ಮಂಜುಗಡ್ಡೆಯಿಂದ ಯಾರಿಗಾದರೂ ಪೆಟ್ಟಾದರೆ, ತೀವ್ರ ನಿರ್ಲಕ್ಷ್ಯ ಸಾಬೀತಾದಾಗ ಮಾತ್ರ ಪೌರಾಡಳಿತ ಹೊಣೆಯೆಂದು ಆಲ್ಬರ್ಟಾ ಪ್ರಾಂತ್ಯದ ಕಾಯ್ದೆ ಹೇಳುತ್ತದೆ. ಸಾಮಾನ್ಯ ನಿರ್ಲಕ್ಷ್ಯ ಸಾಲದು. ಅದರ ಮೇಲೆ 21 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಸೊಂಟದ ಮೂಳೆ ಮುರಿದುಕೊಂಡು ಮಲಗಿರುವ ಹಿರಿಯರಿಗೆ 21 ದಿನ ಹೇಗೆ ಕಳೆಯಿತೆಂದೂ ತಿಳಿಯುವುದಿಲ್ಲ. ತಂದೆತಾಯಿಯರನ್ನು ಕರೆಸಿಕೊಳ್ಳುವವರು ಪ್ರವಾಸಿ ವಿಮೆಯನ್ನು ಮೊದಲೇ ಮಾಡಿಸಿ, ಬೂಟಿಗೆ ಹಾಕುವ ಮುಳ್ಳಿನ ಪಟ್ಟಿಯನ್ನು ಕೊಡಿಸಿ. ಅಂಗಡಿಯ ಟೈಲ್ಸ್ ನೆಲದ ಮೇಲೆ ಅದನ್ನು ಕಳಚಬೇಕೆಂದೂ ಹೇಳಿಕೊಡಿ, ಅಲ್ಲಿ ಅದೇ ಜಾರಿಸುತ್ತದೆ.

ಶರಾವತಿ:
ಎಲ್ಲರ ಮಾತನ್ನೂ ಓದಿದೆ. ನಗರದ ಎಲ್ಲ ಕಾಲುದಾರಿಗಳನ್ನೂ ನಾಳೆಯಿಂದಲೇ ಯಂತ್ರದಿಂದ ತೆಗೆಸಿ ಎಂಬುದು ನನ್ನ ಬೇಡಿಕೆಯಲ್ಲ. ಬೋ ನದಿಯ ದಂಡೆಯ ನಡಿಗೆ ಮತ್ತು ಸೈಕಲ್ ದಾರಿಗಳಲ್ಲಿ ಮುಖ್ಯವಾದವನ್ನು ನಗರವೇ 24 ಗಂಟೆಗಳಲ್ಲಿ ತೆಗೆಯುತ್ತದೆ, ಊರ ನಡುವಿನ ಸೈಕಲ್ ಪಥಗಳನ್ನೂ ತೆಗೆಯುತ್ತದೆ. ಅಂದರೆ ಚಿಕ್ಕ ಯಂತ್ರಗಳೂ ಅವನ್ನು ಓಡಿಸಬಲ್ಲ ಜನರೂ ಇದ್ದಾರೆ. ಅದೇ ಸೇವೆಯನ್ನು ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆ, ಹಿರಿಯರ ವಸತಿಗಳನ್ನು ಕೂಡಿಸುವ ಕಾಲುದಾರಿಗಳಿಗೆ, ಮೂಲೆಗಳ ಇಳಿಜಾರುಗಳನ್ನೂ ಸೇರಿಸಿ, ವಿಸ್ತರಿಸಲಿ. ವಾಹನಗಳ ಎಣಿಕೆಯಿಂದ ರಸ್ತೆಯ ಆದ್ಯತೆಯನ್ನು ನಿರ್ಧರಿಸುವಂತೆ, ಬಸ್ಸು ಹತ್ತಿ ಇಳಿಯುವವರ ಎಣಿಕೆಯಿಂದ ಕಾಲುದಾರಿಯ ಆದ್ಯತೆಯನ್ನು ನಿರ್ಧರಿಸಲಿ. ಉಳಿದದ್ದು ಮನೆಯವರಿಗಿರಲಿ.

ಸಲಿಕೆ ಹಿಡಿದವ:
ಇಷ್ಟಾದರೆ ತೆರಿಗೆ ಸ್ವಲ್ಪ ಏರಿದರೂ ನಾನು ಕೊಡುತ್ತೇನೆ. ಆದರೆ ಇನ್ನೊಂದು ತೊಡಕನ್ನು ಗಮನಿಸಿ. ಯೋಜನೆ ಮುಗಿಯುವ ಮೊದಲೇ ಮತ್ತೆ ಹಿಮ ಬಿದ್ದರೆ ಗಾಡಿಗಳು ಮೊದಲ ಆದ್ಯತೆಯ ರಸ್ತೆಗಳಿಗೆ ಮರಳುತ್ತವೆ, ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಿಮ್ಮ ಕಾಲುದಾರಿಗಳನ್ನು ಮೂರನೆಯ, ನಾಲ್ಕನೆಯ ದಿನಕ್ಕೆ ಇಟ್ಟರೆ ಮೇಲಿಂದ ಮೇಲೆ ಹಿಮ ಬೀಳುವ ವಾರದಲ್ಲಿ ಅವುಗಳ ಸರದಿಯೇ ಬರುವುದಿಲ್ಲ. ಮೊದಲ ದಿನದ ಪಟ್ಟಿಯಲ್ಲೇ, ಬೇರೆ ತಂಡಕ್ಕೆ, ಬೇರೆ ಯಂತ್ರಕ್ಕೆ ಒಪ್ಪಿಸಬೇಕೆಂದು ಕೇಳಿ.

ಕಾಂಕ್ರೀಟು ಇಂಜಿನಿಯರ್:
ಇದು ಅತ್ಯಂತ ಮುಖ್ಯವಾದ ಅಂಶ, ಬೇಡಿಕೆಯ ಮೊದಲ ಸಾಲಿನಲ್ಲೇ ಇರಬೇಕು. ಇಲ್ಲಿ ಆಯವ್ಯಯ ನಾಲ್ಕು ವರ್ಷಗಳದ್ದು, ಪ್ರತಿ ನವೆಂಬರಿನಲ್ಲಿ ಅದರ ಹೊಂದಾಣಿಕೆಯ ಚರ್ಚೆ ನಡೆಯುತ್ತದೆ, ಆಗ ನಾಗರಿಕರು ಮಂಡಳಿಯ ಮುಂದೆ ನಿಂತು ಮಾತಾಡಬಹುದು. ಬರೀ ದೂರು ಹಿಡಿದುಕೊಂಡು ಹೋಗಬೇಡಿ. ನಕಾಶೆಯ ಮೇಲೆ ಯಾವ ನಿಲ್ದಾಣದಿಂದ ಯಾವ ಮೂಲೆಯವರೆಗೆ ಎಂದು ಗುರುತು ಹಾಕಿ, ನೆರಳಿನ ಬದಿ ಯಾವುದು, ನೀರು ನಿಲ್ಲುವ ತಗ್ಗು ಎಲ್ಲಿದೆ ಎಂದು ಬರೆದು, ಹಿಮ ಬಿದ್ದ ಮರುದಿನವೂ ಚಿನೂಕ್ ಬೀಸಿದ ಮರುದಿನವೂ ತೆಗೆದ ಚಿತ್ರಗಳನ್ನು ಜೊತೆಗಿಡಿ. ನಕಾಶೆಯ ಕೆಲಸವನ್ನು ನಾನು ಮಾಡಿಕೊಡುತ್ತೇನೆ.

ಗಾಲಿಕುರ್ಚಿಯ ಜೊತೆಗಾತಿ:
ಮೂಲೆಗಳ ಪಟ್ಟಿ ನನ್ನ ಬಳಿ ಈಗಾಗಲೇ ಇದೆ, ಈ ರಾತ್ರಿಯೇ ಕಳುಹಿಸುತ್ತೇನೆ. ಊರಿನ ಈಶಾನ್ಯ ಭಾಗದಲ್ಲಿರುವವರು ಯಾರಾದರೂ ತಮ್ಮ ಕಡೆಯ ನಿಲ್ದಾಣಗಳನ್ನು ಸೇರಿಸಿ, ಆ ಭಾಗ ನನಗೆ ಪರಿಚಯವಿಲ್ಲ.

ಹೊಸ ವಿದ್ಯಾರ್ಥಿ:
ನಾನು ಈಶಾನ್ಯದಲ್ಲೇ ಇದ್ದೇನೆ. ರೈಲು ನಿಲ್ದಾಣದಿಂದ ನಮ್ಮ ಬೀದಿಯವರೆಗಿನ ದಾರಿಯ ಚಿತ್ರಗಳನ್ನು ಮುಂದಿನ ಹಿಮ ಬಿದ್ದ ಮರುದಿನ ತೆಗೆದು ಹಾಕುತ್ತೇನೆ.